ಮರಸು ಕೂರಲು ಒಂದು ಕಾಲುಮಣೆ: ಊರ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಿಕೊಳ್ಳುವ ಬಗೆ

ನಮ್ಮ ತೋಟದ ಮೇಲ್ಬದಿಯಲ್ಲಿ ಒಂದು ಬಸರಿ ಮರ ಇದೆ. ಅದು ಹಣ್ಣು ಬಿಟ್ಟಿತೆಂದರೆ ಸುತ್ತಲ ಹಕ್ಕಿಗಳಿಗೆಲ್ಲ ಅಲ್ಲೇ ಊಟ. ಕುಟುರ, ಹಸಿರು ಪಾರಿವಾಳ, ಬೂದು ಮಂಗಟ್ಟೆ, ಅವುಗಳ ನಡುವೆ ಕೊಂಬೆಯಿಂದ ಕೊಂಬೆಗೆ ದಬಾರನೆ ಹಾರುವ ಒಂದು ಕೆಂದಳಿಲು. ಕೆಳಗೆ ನಿಂತವನಿಗೆ ಕಾಣುವುದು ಬರೀ ಹಕ್ಕಿಯ ಹೊಟ್ಟೆ, ಸಿಗುವುದು ತಲೆ ಮೇಲೆ ಹಿಕ್ಕೆ. ಅವುಗಳ ಕಣ್ಣಿನ ಮಟ್ಟಕ್ಕೆ ನಾವೇ ಹೋಗಬೇಕು, ಹೋಗಿ ಎರಡು ಮೂರು ತಾಸು ಅಲ್ಲಾಡದೆ ಇರಬೇಕು. ಹೀಗೆ ಮರದ ಮೇಲೆ ಅಡಗಿ ಕಾಯುವುದಕ್ಕೇ ಮರಸು ಕೂರುವುದು ಅನ್ನುವುದು. ಅದಕ್ಕೆಂದು ಮಾಡಿಸಿಕೊಂಡದ್ದು, ಮರಕ್ಕೆ ಬಿಗಿದು ಕಾಲೂರುವ ಈ ಕಾಲುಮಣೆ.

ಹಳಬರಿಗೆ ವಿಷಯ ಹೊಸದಲ್ಲ. ಹಣ್ಣುದುರುವ ಮರದಲ್ಲಿ ಅಟ್ಟಣೆ ಕಟ್ಟಿ, ಕೋವಿ ಹಿಡಿದು, ರಾತ್ರಿಯಿಡೀ ಮರಸು ಕೂತ ಕತೆ ಮಲೆನಾಡಿನ ಎಷ್ಟೋ ಮನೆಗಳ ಜಗುಲಿಯಲ್ಲಿ ಇನ್ನೂ ಓಡಾಡುತ್ತದೆ. ಅದು ಜಗುಲಿಯಲ್ಲೇ ಇರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಹಿಡಿಯುವುದು, ಓಡಿಸಿಕೊಂಡು ಹೋಗುವುದು, ಉರುಳು ಹಾಕುವುದು ಕೂಡ ಆ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಹಾಗಾಗಿ ನಾನಿಲ್ಲಿ ಹೇಳುವುದು ದುರ್ಬೀನು, ಕ್ಯಾಮೆರಾ ಹಿಡಿದವರಿಗೆ ಮಾತ್ರ.

ವಿನ್ಯಾಸ ಮಾತ್ರ ಬೇಟೆಗಾರರಿಂದಲೇ ಬಂದದ್ದು. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯನ್ನು ಬಿಲ್ಲುಬಾಣದಲ್ಲಿ ಹೊಡೆಯುವವರು ಸ್ಯಾಡಲ್ ಎಂಬ ಬಟ್ಟೆಯ ಕೂರುಪಟ್ಟಿ ಸೊಂಟಕ್ಕೆ ಕಟ್ಟಿಕೊಂಡು, ಅದನ್ನು ಹಗ್ಗದಿಂದ ಮರಕ್ಕೆ ಸಿಕ್ಕಿಸಿ, ಮರಕ್ಕೆ ಮುಖ ಮಾಡಿ ಹಿಂದಕ್ಕೆ ಒರಗಿಕೊಳ್ಳುತ್ತಾರೆ. ಕಾಲಿಗೆ ಒಂದಡಿ ಚಿಲ್ಲರೆ ಅಗಲದ ಸಣ್ಣ ಮಣೆ. ಕುರ್ಚಿ ಇಲ್ಲ, ಅಟ್ಟಣೆಯ ಗಳ ಇಲ್ಲ. ಎಲ್ಲ ಒಂದು ಚೀಲದಲ್ಲಿ ಹಿಡಿಯುತ್ತದೆ, ಇವತ್ತು ಈ ಮರ, ನಾಳೆ ಆ ಮರ. ಮೊದಲ ಸಲ ಚಿತ್ರ ನೋಡಿದಾಗ ನನಗೆ ನೆನಪಾದದ್ದು ಅಡಿಕೆ ಮರದ ತುದಿಯಲ್ಲಿ ಹಗ್ಗಕ್ಕೆ ಸಿಕ್ಕಿಸಿದ ಪುಟ್ಟ ಮಣೆಯ ಮೇಲೆ ಕೂತು ಔಷಧಿ ಹೊಡೆಯುವ ನಮ್ಮ ಕೊನೆಗೌಡರು. ಕೊನೆಗೌಡರು ಕೂರುವ ಭಾರವನ್ನು ಮಣೆಗೆ ಬಿಟ್ಟಿದ್ದಾರೆ, ಅಮೆರಿಕದವರು ಹಗ್ಗಕ್ಕೆ. ಅಷ್ಟೇ ವ್ಯತ್ಯಾಸ.

ಆದರೆ ಆ ವ್ಯತ್ಯಾಸವನ್ನು ಸರಿಯಾಗಿ ತಲೆಗೆ ಹಾಕಿಕೊಳ್ಳದೆ ನಾನು ಮೊದಲ ಕಾಲುಮಣೆ ಮಾಡಿದೆ. ಒಂದು ಉರುಟು ಪೈಪು, ಅದರ ತಲೆಯ ಮೇಲೆ ಒಂದು ಹಲಗೆ, ಸುತ್ತ ಒಂದು ಬೆಲ್ಟು. ನೆಟ್ಟಗೆ ನಿಂತರೆ ಬಂಡೆ ಹಾಗೆ ಇತ್ತು. ನಮ್ಮ ಕೊನೆಗೌಡನನ್ನೂ ಹತ್ತಿಸಿ ಇಬ್ಬರೂ ನಿಂತು ನೋಡಿದ್ದೆವು. ನಾಲ್ಕನೇ ದಿನ ಎಡಗಡೆಯ ಕೊಂಬೆಗೆ ಮಂಗಟ್ಟೆ ಬಂತು ಅಂತ ಮೈ ಹೊರಳಿಸಿ ಎಡಕ್ಕೆ ವಾಲಿದೆ. ಮಣೆ ಗಡಿಯಾರದ ಮುಳ್ಳಿನ ಹಾಗೆ ಮರದ ಸುತ್ತ ಜಾರಿಕೊಂಡು ಬಲಕ್ಕೆ ಹೋಯಿತು. ನಾನು ಹಗ್ಗದಲ್ಲಿ. ಕೆಳಗಿಂದ ಕೊನೆಗೌಡ, “ಕೈ ಬಿಡ್ಬೇಡಿ ಅಯ್ಯಾ, ಏಣಿ ತರ್ತೀನಿ” ಅಂದ. ಕೈ ಬಿಟ್ಟಿದ್ದರೂ ಏನೂ ಆಗುತ್ತಿರಲಿಲ್ಲ, ಹಿಡಿದಿದ್ದು ಹಗ್ಗ. ಆದರೆ ಅದು ನನಗೆ ಗೊತ್ತಾದದ್ದು ಏಣಿ ಬಂದ ಮೇಲೆ.

ಅವತ್ತು ಅರ್ಥವಾದದ್ದು ಇಷ್ಟು: ಕಾಲುಮಣೆ ಮಾಡುವವರೆಲ್ಲ ಮೇಲಿಂದ ಕೆಳಗೆ ಬೀಳುವ ಭಾರಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ಆ ಭಾರ ಹೊರಿಸುವುದು ಕಷ್ಟದ ಕೆಲಸವಲ್ಲ. ಕೈ ಕೊಡುವುದು ಪಕ್ಕಕ್ಕೆ ಬೀಳುವ ಒತ್ತು.

ಒತ್ತು ಎಲ್ಲಿಂದ ಎಲ್ಲಿಗೆ

ಸ್ಯಾಡಲ್‌ನಲ್ಲಿ ಹಿಂದಕ್ಕೆ ಒರಗಿದಾಗ ಹಗ್ಗ ನಿಮ್ಮನ್ನು ಮೇಲಕ್ಕೂ ಮರದ ಕಡೆಗೂ ಎಳೆಯುತ್ತದೆ. ಅದಕ್ಕೆ ಸಮ ತೂಗಲು ನಿಮ್ಮ ಕಾಲು ಮಣೆಯನ್ನು ಕೆಳಕ್ಕೂ ಮರದ ಕಡೆಗೂ ಒತ್ತುತ್ತದೆ. ಮರಕ್ಕೆ ಎದುರಾಗಿ ಇರುವಷ್ಟು ಹೊತ್ತು ಈ ಒತ್ತು ಮಣೆಯನ್ನು ಇನ್ನಷ್ಟು ಗಟ್ಟಿಯಾಗಿ ಮರಕ್ಕೆ ಕೂರಿಸುತ್ತದೆ, ಒಳ್ಳೆಯದೇ. ಮರದ ಪಕ್ಕಕ್ಕೆ ತಿರುಗಿದಿರಿ ಅನ್ನಿ. ಈಗ ಅದೇ ಒತ್ತು ಮಣೆಯ ಅಡ್ಡಕ್ಕೆ ಬಿತ್ತು. ಮಣೆ ಎರಡು ರೀತಿ ಹೊರಳಬಹುದು: ಮರವನ್ನು ಸುತ್ತಿಕೊಂಡು ಜಾರುವುದು ಒಂದು, ತುದಿ ತುಳಿದಾಗ ತಕ್ಕಡಿ ತಟ್ಟೆಯ ಹಾಗೆ ಒಂದು ಕಡೆ ವಾಲುವುದು ಇನ್ನೊಂದು. ಉರುಟು ಪೈಪು ಉರುಟು ಮರಕ್ಕೆ ತಾಗುವುದು ಒಂದೇ ಗೆರೆಯಲ್ಲಿ. ತಡೆಯಲಿಕ್ಕೆ ಅಲ್ಲಿ ಏನೂ ಇಲ್ಲ. ಅದಕ್ಕೇ ಮರವನ್ನು ಕವಚಿ ಹಿಡಿಯುವ ಕವೆಯಾಕಾರದ ಎರಡು ಹಿಡಿ ಬೇಕು, ಮೇಲೊಂದು ಕೆಳಗೊಂದು.

ಇನ್ನು ಕೆಳಮುಖ ಭಾರದ ಲೆಕ್ಕ. ನನ್ನ ತೂಕ 78 ಕೆ.ಜಿ., ಬಟ್ಟೆ, ಬೂಟು, ಕ್ಯಾಮೆರಾ ಸೇರಿ 85. ಕೂತಾಗ ಇದರ ಹೆಚ್ಚು ಪಾಲು ಹಗ್ಗಕ್ಕೆ ಹೋಗುತ್ತದೆ, ಆದರೂ ಪೂರ್ತಿ 85 ಕಾಲಿನ ಮೇಲೇ ಇದೆ ಅಂತ ಹಿಡಿಯೋಣ. ಪಾದ ಮರದಿಂದ 25 ಸೆಂ.ಮೀ. ದೂರದಲ್ಲಿ ಊರಿದೆ. ಮೇಲಿನ ಬೆಲ್ಟಿಗೂ ಕೆಳಗಿನ ಹಿಡಿಗೂ ನಡುವೆ 30 ಸೆಂ.ಮೀ. ಇದ್ದರೆ ಬೆಲ್ಟನ್ನು ಹೊರಕ್ಕೆ ಎಳೆಯುವ ಬಲ 85 × 25 ÷ 30, ಅಂದರೆ ಸುಮಾರು 71 ಕೆ.ಜಿ. ತೂಕದಷ್ಟು. ಅದೇ ಅಂತರ 15 ಸೆಂ.ಮೀ. ಆದರೆ 142. ಹಗುರ ಆಗಲಿ ಅಂತ ಎರಡು ಹಿಡಿಗಳ ನಡುವಿನ ಕಂಬ ಗಿಡ್ಡ ಮಾಡುವವರು ಬೆಲ್ಟಿನ ಎಳೆತ ಎರಡು ಪಟ್ಟು ಮಾಡಿಕೊಳ್ಳುತ್ತಾರೆ. ಕಂಬದ ಉದ್ದದಲ್ಲಿ ಜಿಪುಣತನ ಬೇಡ.

ಯಾವ ಮರ

ಮೊದಲು ಮರ ಯಾರದ್ದು ನೋಡಿ. ಸ್ವಂತ ಹಿಡುವಳಿಯದ್ದಾಗಿದ್ದರೆ ಸರಿ. ಸೊಪ್ಪಿನ ಬೆಟ್ಟ ನಮ್ಮ ತೋಟಕ್ಕೆ ಸೇರಿದ್ದು ಅಂತ ಬಾಯಲ್ಲಿ ಹೇಳಿಕೊಂಡರೂ ನೆಲ ಸರ್ಕಾರದ್ದು, ನಮಗಿರುವುದು ಸೊಪ್ಪು ದರಗಿನ ಅನುಕೂಲ ಅಷ್ಟೇ. ಶೆಟ್ಟಿಹಳ್ಳಿ, ಶರಾವತಿ ಕಣಿವೆಯಂಥ ಅಭಯಾರಣ್ಯದಲ್ಲಾಗಲಿ ರಿಸರ್ವ್ ಫಾರೆಸ್ಟಿನಲ್ಲಾಗಲಿ ಅನುಮತಿಯಿಲ್ಲದೆ ಹೋಗಿ ಮರ ಹತ್ತಿದರೆ ಕೈಯಲ್ಲಿ ಕ್ಯಾಮೆರಾ ಇತ್ತು ಅನ್ನುವುದು ಸಮಜಾಯಿಷಿ ಆಗುವುದಿಲ್ಲ. ನೀರುಹಕ್ಕಿ ನೋಡಲು ಮರವೇ ಬೇಡ. ಮಂಡಗದ್ದೆಯ ಪಕ್ಷಿಧಾಮದಲ್ಲಿ ರಸ್ತೆ ಬದಿಗೇ ತುಂಗೆ, ಗುಡವಿಯ ಪಕ್ಷಿಧಾಮದಲ್ಲಿ ಕೆರೆ ಇದೆ, ಅಲ್ಲಿ ನೆಲದಲ್ಲೇ ನಿಂತು ನೋಡಬಹುದು.

ಹಣ್ಣಿನ ಮರದ ಮೇಲೇ ಕೂರಬೇಡಿ. ಅದರಿಂದ ಹದಿನೈದು ಇಪ್ಪತ್ತು ಮೀಟರ್ ಆಚೆಗಿನ, ಬೆಳಗಿನ ಬಿಸಿಲು ಬೆನ್ನಿಗೆ ಬೀಳುವಂಥ ಮರ ಹುಡುಕಿ. ಕಾಂಡದ ಸುತ್ತಳತೆ 80ರಿಂದ 140 ಸೆಂ.ಮೀ., ನೆಟ್ಟಗೆ ಇರಬೇಕು, ಸ್ವಲ್ಪ ವಾಲಿದ್ದರೆ ವಾಲಿದ ಕಡೆಗೆ ಬೆನ್ನು ಬರುವಂತೆ ಕೂರಬಾರದು. ಮತ್ತಿ, ಹೊನ್ನೆ ನನ್ನ ಆಯ್ಕೆ: ತೊಗಟೆ ದಪ್ಪ, ಒಳಗೆ ಗಟ್ಟಿ. ಹಲಸು ಗಟ್ಟಿಯೇ, ಆದರೆ ಹಾಲು ಸುರಿದು ಬೆಲ್ಟು ಹಾಳು. ಸಿಲ್ವರ್ ಓಕ್ ನೋಡಲಿಕ್ಕೆ ಕಂಬದ ಹಾಗಿದ್ದರೂ ಗಾಳಿಗೆ ಮುರಿಯುತ್ತದೆ, ಜೊತೆಗೆ ಮೈತುಂಬ ಮೆಣಸಿನ ಬಳ್ಳಿ. ಹಾಲವಾಣ, ಬೂರುಗ ಬೇಡವೇ ಬೇಡ. ಕಾಡುಗೇರು, ಚೇರಿನ ಜಾತಿಯದ್ದನ್ನು ಗುರುತು ಹಿಡಿಯಲು ಬರದಿದ್ದರೆ ಗೊತ್ತಿರುವವರನ್ನು ಕರೆದುಕೊಂಡು ಹೋಗಿ. ಅದರ ಸೊನೆ ತಾಗಿ ಮುಖ ಊದಿದವರು ನಮ್ಮೂರಲ್ಲೇ ಇದ್ದಾರೆ.

ಬುಡವನ್ನು ಕತ್ತಿಯ ಹಿಂಬದಿಯಿಂದ ತಟ್ಟಿ. ಪೊಳ್ಳು ಸದ್ದು, ಅಣಬೆ, ಗೆದ್ದಲ ಮಣ್ಣು ಯಾವುದಿದ್ದರೂ ಬಿಡಿ. ತಲೆಯೆತ್ತಿ ಒಣಕೊಂಬೆ ನೋಡಿ, ಹೆಜ್ಜೇನು ನೋಡಿ. ಚಗಳಿ ಇರುವೆಯ ಗೂಡಿದ್ದರೆ ಚಟ್ನಿಗೆ ಆಯಿತು, ಕೂರಲಿಕ್ಕೆ ಆಗುವುದಿಲ್ಲ. ಕರೆಂಟು ತಂತಿ ಹತ್ತಿರ ಇದ್ದರೆ ಆ ಮರದ ಮಾತೇ ಬೇಡ. ಇನ್ನೊಂದು: ಮಂಗಟ್ಟೆಯ ಗೂಡಿನ ಎದುರಿಗೆ ಮರಸು ಬೇಡ. ಹೆಣ್ಣು ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡಿರುತ್ತದೆ, ಗಂಡು ತರುವ ಹಣ್ಣೇ ಅದಕ್ಕೂ ಮರಿಗೂ ಆಧಾರ. ನಿಮ್ಮನ್ನು ಕಂಡು ಗಂಡು ಹಿಂದೆ ಸರಿದರೆ ಒಳಗಿನವು ಉಪವಾಸ.

ಅಳತೆ ಮತ್ತು ಕಬ್ಬಿಣ

ಅಲ್ಯೂಮಿನಿಯಂ ಹಗುರ, ಕಬ್ಬಿಣದ ಮೂರನೇ ಒಂದು ತೂಕ. ಆದರೆ ಅದನ್ನು ಬೆಸೆಯಲು ಟಿಗ್‌ನಂಥ ಬೇರೆ ಬಗೆಯ ವೆಲ್ಡಿಂಗ್ ಬೇಕು, ಕೈ ಪಳಗಿರಬೇಕು, ಬೆಸೆದ ಜಾಗದ ಸುತ್ತ ಶಾಖಕ್ಕೆ ಲೋಹ ಮೆತ್ತಗಾಗುತ್ತದೆ ಬೇರೆ. ತೀರ್ಥಹಳ್ಳಿ, ಹೊಸನಗರದ ಸಾಮಾನ್ಯ ವೆಲ್ಡಿಂಗ್ ಶಾಪಿಗೆ ಚೌಕ ಕಬ್ಬಿಣದ ಪೈಪೇ ಸರಿ. 25 × 25 ಮಿ.ಮೀ., 2 ಮಿ.ಮೀ. ದಪ್ಪದ್ದು, ಮೀಟರಿಗೆ ಒಂದೂವರೆ ಕೆ.ಜಿ.ಗಿಂತ ಚೂರು ಕಡಿಮೆ ತೂಗುತ್ತದೆ. ಕಿಟಕಿಗೆ ಬಳಸುವ ಒಂದು ಮಿ.ಮೀ. ಪೈಪು ತೋರಿಸಿ “ಇದೇ ಸಾಕು” ಅಂದರೆ ಒಪ್ಪಬೇಡಿ. ಸತು ಲೇಪದ ಜಿ.ಐ. ಪೈಪೂ ಬೇಡ, ಬೆಸೆಯುವಾಗ ಏಳುವ ಸತುವಿನ ಹೊಗೆ ವೆಲ್ಡರ್‌ಗೆ ಜ್ವರ ತರಿಸುತ್ತದೆ.

ಮಣೆಯ ಚೌಕಟ್ಟು 35 ಸೆಂ.ಮೀ. ಅಗಲ, 30 ಸೆಂ.ಮೀ. ಆಳ. ನಡುವೆ ಮುಂದಿನಿಂದ ಹಿಂದಕ್ಕೆ ಇನ್ನೆರಡು ಪೈಪು. ಎರಡು ಬೂಟು ಅಕ್ಕಪಕ್ಕ ಹಿಡಿಯಬೇಕು, ಅದಕ್ಕಿಂತ ದೊಡ್ಡದು ಮಾಡಬೇಡಿ. ತುದಿ ದೂರವಾದಷ್ಟೂ ವಾಲುವ ಒತ್ತು ಹೆಚ್ಚು. ದೊಡ್ಡ ಮಣೆ ಕೊಡುವುದು ಸುಳ್ಳು ಧೈರ್ಯ.

ಚೌಕಟ್ಟಿನ ಹಿಂಬದಿಯ ನಡುವಿನಿಂದ ಕೆಳಕ್ಕೆ 35 ಸೆಂ.ಮೀ. ಕಂಬ. ಮಣೆಯ ಮುಂದಿನ ಎರಡು ಮೂಲೆಯಿಂದ ಕಂಬದ ಬುಡಕ್ಕೆ ಎರಡು ಓರೆ ಊರುಗೋಲು, ಒಂದೊಂದೂ ಸುಮಾರು 48 ಸೆಂ.ಮೀ. ನಡುವಿನಿಂದ ಒಂದೇ ಊರುಗೋಲು ಕೊಟ್ಟರೆ ಪೈಪು ಉಳಿಯುತ್ತದೆ ನಿಜ. ಆದರೆ ಮೂಲೆ ತುಳಿದಾಗ ಚೌಕಟ್ಟು ಹುರಿಗೊಳ್ಳುತ್ತದೆ. ಎರಡು ಕೊಟ್ಟರೆ ಎರಡು ಕಡೆಗೂ ತ್ರಿಕೋನ. ನನ್ನ ಎರಡನೇ ಮಣೆ ಒಂದೇ ಊರುಗೋಲಿನದು, ಒಂದು ಬೇಸಿಗೆಗೇ ಸೊಟ್ಟಗಾಯಿತು.

ಮಣೆ ಕಂಬಕ್ಕೆ ಸರಿಯಾಗಿ ಮೂಲೆಮಟ್ಟದಲ್ಲಿ ಬೇಡ. ಮುಂದಿನ ಅಂಚು ಒಂದು ಸೆಂ.ಮೀ. ಮೇಲಿರಲಿ. ತುಳಿದಾಗ ಬೆಲ್ಟು ಹಿಗ್ಗಿ, ಹಲ್ಲು ತೊಗಟೆಗೆ ಇಳಿದು, ಅದು ಸಮಕ್ಕೆ ಬರುತ್ತದೆ. ಮೊದಲೇ ಸಮ ಇಟ್ಟರೆ ಹೊರಕ್ಕೆ ಇಳಿಜಾರಾಗುತ್ತದೆ, ಮಂಜು ಬಿದ್ದ ಬೆಳಿಗ್ಗೆ ಬೂಟು ಜಾರುತ್ತದೆ. ಇದನ್ನು ವೆಲ್ಡರ್‌ಗೆ ಎರಡೆರಡು ಸಲ ಹೇಳಿ, ಇಲ್ಲದಿದ್ದರೆ ಅವರು ಪ್ರೀತಿಯಿಂದ ಮೂಲೆಮಟ್ಟ ಇಟ್ಟು “ಸರಿ” ಮಾಡಿಬಿಡುತ್ತಾರೆ. ನಮ್ಮ ವೆಲ್ಡರ್ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಅಲ್ಲ ಗೌಡ್ರೆ, ಇದ್ರ ಮೇಲೆ ನೀವು ನಿಲ್ತೀರೋ, ಟಿ.ವಿ. ಇಡ್ತೀರೋ?” ಅಂದಿದ್ದರು.

ಈಗ ಮುಖ್ಯದ್ದು, ಹಿಡಿ. 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಪಟ್ಟಿ ತಗೊಂಡು ಒಂದೊಂದು ತೋಳು 10 ಸೆಂ.ಮೀ. ಬರುವಂತೆ ನಡುವಿನಲ್ಲಿ ಬಗ್ಗಿಸಿ. ಎರಡು ತೋಳಿನ ನಡುವಿನ ಕೋನ ಸುಮಾರು 140 ಡಿಗ್ರಿ. ಆಗ ತುದಿಯಿಂದ ತುದಿಗೆ 19 ಸೆಂ.ಮೀ. ಹತ್ತಿರ ಬರುತ್ತದೆ, ಅಷ್ಟಗಲದಲ್ಲಿ ಅದು ಮರವನ್ನು ಹಿಡಿಯುತ್ತದೆ. ಇದಕ್ಕಿಂತ ಇಕ್ಕಟ್ಟು ಕವೆ ಸಣ್ಣ ಮರಕ್ಕೆ ಚೆನ್ನ. ದಪ್ಪ ಮರಕ್ಕೆ ಇಟ್ಟರೆ ನಡುವೆ ದೊಡ್ಡ ಸಂದಿ ಬಿಡುತ್ತದೆ. ಮರಕ್ಕೆ ತಾಗುವ ಅಂಚಿನಲ್ಲಿ ಹಾಕ್ಸಾದಿಂದ ಬೆರಳಗಲಕ್ಕೊಂದರಂತೆ ಕಚ್ಚು ಹಾಕಿ ಹಲ್ಲು ಮಾಡಿ. ಮೂರು ಮಿ.ಮೀ. ಸಾಕು, ಮೊನೆಯನ್ನು ಅರದಿಂದ ಮೊಂಡು ಮಾಡಿ. ಹಲ್ಲು ಒರಟು ತೊಗಟೆಯನ್ನು ಕಚ್ಚಬೇಕೇ ಹೊರತು ಒಳಗಿನ ಹಸಿ ಪದರಕ್ಕೆ ಹೋಗಬಾರದು. ತೆಳು ತೊಗಟೆಯ ಮರಕ್ಕೆ ಈ ಮಣೆ ಕಟ್ಟಲೇಬೇಡಿ ಅನ್ನುವುದೂ ಅದಕ್ಕೇ. ಮೊಳೆ ಹೊಡೆಯುವ ಯೋಚನೆ ಬಂದರೆ ಒಳಗೆ ಮುಚ್ಚಿಹೋದ ಮೊಳೆ ಗರಗಸಕ್ಕೆ ಸಿಕ್ಕಾಗ ಸಾಮಿಲ್ಲಿನವರು ಏನು ಬೈಯುತ್ತಾರೆ ಅಂತ ಕೇಳಿ ನೋಡಿ.

ಒಂದು ಹಿಡಿ ಕಂಬದ ನೆತ್ತಿಗೆ, ಇನ್ನೊಂದು ಬುಡಕ್ಕೆ. ಬೆಲ್ಟು ಹಾಯಲು ಮೇಲಿನ ಹಿಡಿಯ ಹಿಂದೆ ಎರಡು ಕಡೆ 10 ಮಿ.ಮೀ. ಸರಳಿನ ಉದ್ದನೆಯ ಬಳೆ ಬೆಸೆಸಿ, ಬೆಲ್ಟಿಗೆ ಎಲ್ಲೂ ಚೂಪು ಅಂಚು ತಾಗಬಾರದು. ವೆಲ್ಡಿಂಗ್ ಎಲ್ಲ ಕಡೆ ಸುತ್ತಲೂ ಪೂರ್ತಿ, ಚುಕ್ಕೆ ಇಟ್ಟು ಬಿಡುವುದಲ್ಲ. ಕಿಟ್ಟ ಕುಟ್ಟಿ ತೆಗೆದು ಬಿರುಕು, ತೂತು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಪೈಪಿನ ಬಾಯಿಗಳನ್ನು ಮುಚ್ಚಿಸಿ. ತೆರೆದಿದ್ದರೆ ಒಳಗೆ ಮಳೆ ನೀರು, ಆಮೇಲೆ ತುಕ್ಕು, ಅದಕ್ಕೂ ಮೊದಲು ಇರುವೆ ಸಂಸಾರ. ಕಾಲಿಡುವ ಜಾಗಕ್ಕೆ ಪ್ಲೈವುಡ್ ಬೇಡ, ಕಬ್ಬಿಣದ ಜಾಲರಿ ಬೆಸೆಸಿ. ನೀರು ನಿಲ್ಲುವುದಿಲ್ಲ, ಬೂಟಿಗೆ ಹಿಡಿತ ಸಿಗುತ್ತದೆ. ರೆಡ್ ಆಕ್ಸೈಡ್ ಹೊಡೆದು ಮೇಲೆ ಹೊಳಪಿಲ್ಲದ ಕಂದು ಬಣ್ಣ. ಅಂಚುಗಳಿಗೆ ಹಳೆ ಸೈಕಲ್ ಟ್ಯೂಬು ಬಿಗಿಯಾಗಿ ಸುತ್ತಿ, ಬೂಟು ತಾಗಿದಾಗ ಟಣ್ ಅನ್ನದ ಹಾಗೆ. ಒಟ್ಟು ಐದೂವರೆ ಕೆ.ಜಿ. ಆಸುಪಾಸು ಬರುತ್ತದೆ. ಅಮೆರಿಕದವರ ಅಂಗಡಿ ಮಾಲು ಇದರ ಅರ್ಧಕ್ಕಿಂತ ಹಗುರ. ನಮಗೆ ಮನೆಯಿಂದ ಬಸರಿ ಮರಕ್ಕೆ ಅರ್ಧ ಫರ್ಲಾಂಗು.

ಬೆಲ್ಟು, ಸ್ಯಾಡಲ್, ಹಗ್ಗ

ಬೆಲ್ಟಿಗೆ ಲಾರಿಯವರು ಸರಕು ಬಿಗಿಯುವ ಎರಡಿಂಚಿನ ಪಾಲಿಯೆಸ್ಟರ್ ರಾಚೆಟ್ ಬೆಲ್ಟು. ನೈಲಾನ್ ಆದರೆ ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಹಿಗ್ಗುತ್ತದೆ. ಹೊಲಿದ ಚೀಟಿಯಲ್ಲಿ ಎಷ್ಟು ಭಾರಕ್ಕೆ ಹರಿಯುತ್ತದೆ ಅಂತ ಬರೆದಿರಬೇಕು, ಚೀಟಿಯೇ ಇಲ್ಲದ್ದನ್ನು ತರಬೇಡಿ. ಬರೆದದ್ದರ ಮೂರನೇ ಒಂದಕ್ಕಿಂತ ಹೆಚ್ಚು ನಂಬಬಾರದು.

ಇಷ್ಟರವರೆಗೆ ಮನೆಯ ಕೆಲಸ. ಇನ್ನು ಮುಂದಿನದನ್ನು ದುಡ್ಡು ಕೊಟ್ಟೇ ತರಬೇಕು. ಸ್ಯಾಡಲ್ಲನ್ನು ಗೋಣಿಪಟ್ಟಿ, ಹಳೆ ಕಾರಿನ ಸೀಟ್ ಬೆಲ್ಟಿನಿಂದ ಹೊಲಿದುಕೊಂಡವರ ಚಿತ್ರ ನೋಡಿದ್ದೇನೆ. ನಾನಂತೂ ಅದಕ್ಕೆ ಮೈ ಒಪ್ಪಿಸುವುದಿಲ್ಲ. ಕಾಲುಮಣೆ ಕೈ ಕೊಟ್ಟರೆ ಹಗ್ಗ ಇದೆ. ಹಗ್ಗ, ಸ್ಯಾಡಲ್ ಕೈ ಕೊಟ್ಟರೆ ನೆಲ ಇದೆ.

ಕಟ್ಟಡ ಕೆಲಸದವರ, ಭಾರತೀಯ ಗುಣಮಟ್ಟದ ಐ.ಎಸ್. 3521 ಗುರುತಿನ ಪೂರ್ಣ ಮೈಪಟ್ಟಿಯ (ಹಾರ್ನೆಸ್) ಕೊಂಡಿ ಬೆನ್ನಿಗಿರುತ್ತದೆ. ಬೀಳುವವನನ್ನು ಅದು ಹಿಡಿಯುತ್ತದೆ, ಆದರೆ ಅದರಲ್ಲಿ ಕೂರಲು ಬರುವುದಿಲ್ಲ. ಕೂರಲು ಮರ ಹತ್ತಿ ಕೊಂಬೆ ಸವರುವವರ ಸ್ಯಾಡಲ್ ಬೇಕು, ಯುರೋಪಿನ ಗುಣಮಟ್ಟದ ಇ.ಎನ್. 813 ಅಂತ ಗುರುತಿರುವುದು, ಮರ ಸುತ್ತುವ ಹಗ್ಗಕ್ಕೆ ಸೊಂಟದ ಎರಡೂ ಬದಿಗೆ ಇ.ಎನ್. 358 ಕೊಂಡಿ ಇರುವುದು. ಬಂಡೆ ಹತ್ತುವವರ ಇ.ಎನ್. 12277 ಹಾರ್ನೆಸ್ ಮುರಿಯುವುದಿಲ್ಲ, ಆದರೆ ಪಟ್ಟಿ ಕಿರಿದು. ಅರ್ಧ ಗಂಟೆಗೇ ತೊಡೆ ಜೋಮು ಹಿಡಿಯುತ್ತದೆ.

ಕೂರುವ ಮುಖ್ಯ ಹಗ್ಗ 11 ಮಿ.ಮೀ., ಹಿಗ್ಗು ಕಡಿಮೆಯ ಇ.ಎನ್. 1891 ಜಾತಿಯದು, ಮೂರು ಮೀಟರ್. ಬಾವಿ ಹಗ್ಗ, ನಾರಿನ ಹಗ್ಗ, ಟಾರ್ಪಾಲು ಕಟ್ಟುವ ನೀಲಿ ಪ್ಲಾಸ್ಟಿಕ್ ಹಗ್ಗ ಇವು ಮಣೆಯನ್ನು ಮೇಲಕ್ಕೆ ಸೇದಲಿಕ್ಕೆ ಸರಿ, ಮನುಷ್ಯನಿಗಲ್ಲ. ಹಗ್ಗದ ಒಂದು ತುದಿಗೆ ಎಂಟರ ಗಂಟಿನ ಕುಣಿಕೆ. ಮರ ಸುತ್ತಿ ತಂದ ಇನ್ನೊಂದು ತುದಿಯನ್ನು ಅದರೊಳಗೆ ತೂರಿಸಿ ಬಿಗಿದರೆ ಹಗ್ಗ ತಾನೇ ಮರವನ್ನು ಹಿಡಿದುಕೊಳ್ಳುತ್ತದೆ. ಇಳಿಬಿದ್ದ ಭಾಗಕ್ಕೆ 8 ಮಿ.ಮೀ. ಹುರಿಯಿಂದ ಮೂರು ಸುತ್ತಿನ ಪ್ರೂಸಿಕ್ ಗಂಟು. ಇದು ಕೈಯಲ್ಲಿ ತಳ್ಳಿದರೆ ಸರಿಯುತ್ತದೆ, ಭಾರ ಬಿದ್ದರೆ ಕಚ್ಚುತ್ತದೆ. ಹಗ್ಗದ ಕೆಳತುದಿಗೆ ತಡೆಗಂಟು ಮರೆಯಬೇಡಿ. ಪ್ರೂಸಿಕ್‌ಗೂ ಸ್ಯಾಡಲ್‌ಗೂ ನಡುವೆ ತಾನೇ ಬೀಗ ಬೀಳುವ ಕ್ಯಾರಬೀನರ್ ಕೊಂಡಿ, ಇ.ಎನ್. 362 ಗುರುತು, 22 ಕಿಲೋನ್ಯೂಟನ್ ಅಥವಾ ಹೆಚ್ಚು. ಬೀಗದ ಕೈಗೆ ಸಿಕ್ಕಿಸುವ ಬಣ್ಣಬಣ್ಣದ ಕೊಂಡಿಯೂ ನೋಡಲಿಕ್ಕೆ ಹೀಗೇ ಇರುತ್ತದೆ, ಹುಷಾರು.

ಸಿಮೆಂಟು ಮೂಟೆಯ ಪರೀಕ್ಷೆ

ಮಣೆಯನ್ನು ಮೊದಲು ಎದೆಮಟ್ಟದಲ್ಲಿ ಕಟ್ಟಿ, ನೀವು ಹತ್ತಬೇಡಿ. ಮುಂದಿನ ಅಂಚಿನಿಂದ ಸರಪಳಿ ಇಳಿಬಿಟ್ಟು, ಅದಕ್ಕೊಂದು ಹಲಗೆ ತೂಗುಹಾಕಿ, 50 ಕೆ.ಜಿ.ಯ ನಾಲ್ಕು ಸಿಮೆಂಟು ಮೂಟೆ ಒಂದೊಂದಾಗಿ ಹೇರಿ. 200 ಕೆ.ಜಿ., ಅಂದರೆ ನನ್ನ ಭಾರದ ಎರಡು ಪಟ್ಟಿಗಿಂತ ಮೇಲೆ. ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಇಳಿಸಿ ವೆಲ್ಡಿಂಗಿನ ಸುತ್ತ ಬಣ್ಣ ಬಿರಿದಿದೆಯಾ, ಬೆಲ್ಟಿನ ಹೊಲಿಗೆ ಎದ್ದಿದೆಯಾ, ಮಣೆ ಎಷ್ಟು ಕೆಳಗೆ ಜಾರಿದೆ ನೋಡಿ. ಮರದ ಮೇಲೆ ಮೊದಲೇ ಸುಣ್ಣದ ಗೆರೆ ಹಾಕಿಟ್ಟರೆ ಜಾರಿದ್ದು ಗೊತ್ತಾಗುತ್ತದೆ. ಆಮೇಲೆ ಎರಡು ಮೂಟೆಯನ್ನು ಒಂದೇ ಮೂಲೆಗೆ ತೂಗುಹಾಕಿ ಇದನ್ನೇ ಮಾಡಿ. ನನ್ನ ಮೊದಲ ಮಣೆಗೆ ಈ ಎರಡನೇ ಪರೀಕ್ಷೆ ಮಾಡಿದ್ದರೆ ಏಣಿ ತರುವ ಕೆಲಸ ಇರುತ್ತಿರಲಿಲ್ಲ.

ಇದಾದ ಮೇಲೆ ನೆಲದಿಂದ ಒಂದಡಿ ಎತ್ತರಕ್ಕೆ ಕಟ್ಟಿ ನೀವು ಹತ್ತಿ. ಸ್ಯಾಡಲ್ ಹಾಕಿಕೊಂಡು ಒರಗಿ, ಕೂರಿ, ಎರಡೂ ಪಕ್ಕಕ್ಕೆ ತಿರುಗಿ, ಬೇಕೆಂದೇ ಮಣೆಯಿಂದ ಕಾಲು ತೆಗೆದು ನೇತಾಡಿ, ಮತ್ತೆ ಕಾಲೂರಿ. ಮನೆಯವರು ನಗುತ್ತಾರೆ, ನಗಲಿ. ಐದಾರು ಸಂಜೆ ಹೀಗೆ ಮಾಡಿ ಮೈಗೆ ಹಗ್ಗದ ಮೇಲೆ ನಂಬಿಕೆ ಬರಬೇಕು. ಅದು ಬರುವವರೆಗೆ ಕಾಲು ಗಡಗಡ ಅನ್ನುತ್ತದೆ, ಅಂಥ ಕಾಲು ಮಣೆಯನ್ನು ಅಲ್ಲಾಡಿಸುತ್ತದೆ.

ಹತ್ತುವುದು, ಕಟ್ಟುವುದು

ನಾಲ್ಕು ನಾಲ್ಕೂವರೆ ಮೀಟರ್ ಎತ್ತರ ಸಾಕು. ಹತ್ತಲು ಮೆಣಸು ಕೊಯ್ಯುವ ಬಿದಿರಿನ ಏಣಿ ಆಗುತ್ತದೆ, ಬುಡ ನೆಲಕ್ಕೆ ಊರಿ, ನಡುವೆ ಒಂದು ಕಡೆ, ತುದಿಯಲ್ಲಿ ಒಂದು ಕಡೆ ಮರಕ್ಕೆ ಕಟ್ಟಿದ್ದರೆ. ಮೊದಲ ಮೆಟ್ಟಿಲಿನಿಂದಲೇ ಮರ ಸುತ್ತಿ ಸೊಂಟದ ಎರಡೂ ಬದಿಯ ಕೊಂಡಿಗೆ ಸಿಕ್ಕಿಸಿದ ಬೇರೊಂದು ಹಗ್ಗ, ಸೊಂಟದ ಹಗ್ಗ, ಹಾಕಿಕೊಂಡಿರಬೇಕು, ಒಂದೊಂದು ಮೆಟ್ಟಿಲಿಗೂ ಅದನ್ನು ಮೇಲಕ್ಕೆ ಸರಿಸುತ್ತ ಹೋಗಬೇಕು. ಮಣೆಯನ್ನು ಬೆನ್ನಿಗೆ ಹಾಕಿಕೊಂಡು ಹತ್ತಬೇಡಿ, ಆಮೇಲೆ ಸೇದಿಕೊಳ್ಳಿ.

ಕಟ್ಟುವ ಎತ್ತರ ಬಂದಾಗ ಮೊದಲು ಮುಖ್ಯ ಹಗ್ಗವನ್ನು ತಲೆಗಿಂತ ಮೇಲೆ ಮರಕ್ಕೆ ಸುತ್ತಿ ಸ್ಯಾಡಲ್‌ಗೆ ಸಿಕ್ಕಿಸಿಕೊಳ್ಳಿ. ಈಗ ಎರಡು ಕಡೆ ಹಿಡಿತ ಇದೆ, ಎರಡೂ ಕೈ ಖಾಲಿ. ಮಣೆ ಸೇದಿ, ಏಣಿಯ ಪಕ್ಕಕ್ಕೆ, ತೊಡೆಯ ಮಟ್ಟದಲ್ಲಿ ಮರಕ್ಕೆ ಹಿಡಿಯಿರಿ. ಇಲ್ಲೊಂದು ಕೈಚಳಕ ಇದೆ. ಮಣೆಯ ಮೂತಿಯನ್ನು ಮೇಲಕ್ಕೆ ಎತ್ತಿ ಹಿಡಿದು, ಅಂದರೆ ಬುಡದ ಹಿಡಿ ಮರದಿಂದ ನಾಲ್ಕು ಬೆರಳು ಬಿಟ್ಟುಕೊಂಡಿರುವ ಹಾಗೆ, ಬೆಲ್ಟು ಬಿಗಿಯಬೇಕು. ರಾಚೆಟ್ ಇನ್ನು ತಿರುಗುವುದಿಲ್ಲ ಅನ್ನುವವರೆಗೆ. ಆಮೇಲೆ ಮೂತಿಯನ್ನು ಕಾಲಿನಿಂದ ಕೆಳಕ್ಕೆ ಒತ್ತಿ. ಬುಡದ ಹಿಡಿ ಮರಕ್ಕೆ ಕಚ್ಚಿಕೊಳ್ಳುತ್ತದೆ, ನೆತ್ತಿ ಹೊರಕ್ಕೆ ಎಳೆದು ಬೆಲ್ಟು ಕೈಯಲ್ಲಿ ಬಿಗಿದದ್ದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ. ಸಮ ಇಟ್ಟುಕೊಂಡೇ ಬಿಗಿದರೆ ಆ ಬಿಗಿ ಬರುವುದಿಲ್ಲ, ಸಡಿಲವೇ ಉಳಿಯುತ್ತದೆ. ಬೆಲ್ಟು ಮರದ ಹಿಂಭಾಗದಲ್ಲಿ ಕೆಳಗೆ ಜೋತು ಬಿದ್ದಿಲ್ಲ, ಹುರಿಗೊಂಡಿಲ್ಲ, ರಾಚೆಟ್ಟಿನ ಉರುಳೆಯ ಮೇಲೆ ಕನಿಷ್ಠ ಎರಡು ಸುತ್ತು ಪಟ್ಟಿ ಇದೆ, ಇಷ್ಟು ನೋಡಿಕೊಳ್ಳಿ. ಏಣಿಯಲ್ಲಿ ನಿಂತೇ ಮಣೆಯ ಎರಡೂ ಮೂಲೆ ಒಂದೊಂದಾಗಿ ಬಲವಾಗಿ ಒದೆಯಿರಿ. ಮಿಸುಕಿದರೆ ಬಿಚ್ಚಿ ಮತ್ತೆ ಕಟ್ಟಿ.

ಮಣೆಗೆ ಕಾಲಿಟ್ಟು ನಿಂತಾಗ ಹಗ್ಗ ಮರವನ್ನು ಹಿಡಿದ ಜಾಗ ನಿಮ್ಮ ಹಣೆಯ ಮಟ್ಟಕ್ಕೆ ಬರಬೇಕು. ಹಗ್ಗದಲ್ಲಿ ಸಡಿಲ ಇರಬಾರದು. ಎರಡಡಿ ಜೋತಾಡುವ ಹಗ್ಗ ಅಂದರೆ ಎರಡಡಿ ಬಿದ್ದು ಗಕ್ಕನೆ ನಿಲ್ಲುವುದು. ಹಿಗ್ಗು ಕಡಿಮೆಯ ಹಗ್ಗ ಆ ಪೆಟ್ಟನ್ನು ಪೂರ್ತಿ ನಿಮ್ಮ ಸೊಂಟಕ್ಕೆ ಕೊಡುತ್ತದೆ. ಮುಖ್ಯ ಹಗ್ಗದ ಮೇಲೆ ಪೂರ್ತಿ ಭಾರ ಹಾಕಿ ನೋಡಿದ ಮೇಲೆ ಮಾತ್ರ ಸೊಂಟದ ಹಗ್ಗ ಬಿಚ್ಚಿ. ಇಳಿಯುವಾಗ ಇದೇ ಕ್ರಮ ಉಲ್ಟಾ.

ಕೂತ ಮೇಲೆ

ಹಗ್ಗ ಸ್ವಲ್ಪ ಉದ್ದ ಬಿಟ್ಟರೆ ಒರಗಿ ನಿಂತ ಹಾಗೆ, ಮೊಟಕು ಮಾಡಿ ಮೊಣಕಾಲು ಮರಕ್ಕೆ ಕೊಟ್ಟರೆ ಕೂತ ಹಾಗೆ. ಮೊಣಕಾಲಿಗೆ ಒಂದು ಸ್ಪಂಜಿನ ತುಂಡು ಕಟ್ಟಿಕೊಳ್ಳಿ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತಿರಿ. ಮರ ನಿಮ್ಮ ಮತ್ತು ಹಕ್ಕಿಯ ನಡುವೆ ಇರುವಂತೆ ಕೂತರೆ ಅದೇ ಮರೆ. ಇಣುಕಬೇಕೆಂದಾಗ ಮಾತ್ರ ಪಕ್ಕಕ್ಕೆ. ಇಣುಕುವಾಗ ಹೊರಗಿನ ಕಾಲನ್ನು ಮಣೆಯ ತುದಿಗೆ ಒತ್ತಬೇಡಿ, ಸೊಂಟದಿಂದ ತಿರುಗಿ, ಭಾರ ಹಗ್ಗಕ್ಕೆ ಬಿಡಿ.

ಒಬ್ಬರೇ ಹೋಗುವುದಾದರೆ ಯಾವ ಮರ, ಎಷ್ಟು ಹೊತ್ತಿಗೆ ವಾಪಸು ಅಂತ ಮನೆಯಲ್ಲಿ ಹೇಳಿ ಹೋಗಿ. ನಮ್ಮ ಕಡೆ ಫೋನಿನ ಸಿಗ್ನಲ್ಲು ದಿಬ್ಬ ಹತ್ತಿದರೆ ಉಂಟು, ಹಳ್ಳಕ್ಕೆ ಇಳಿದರೆ ಇಲ್ಲ. ಪಟ್ಟಿಯಲ್ಲಿ ಅಲ್ಲಾಡದೆ ನೇತಾಡಿದರೆ ಕಾಲಿನ ರಕ್ತ ಮೇಲಕ್ಕೆ ಬರದೆ ಕೆಲವೇ ನಿಮಿಷದಲ್ಲಿ ತಲೆ ತಿರುಗಬಹುದು, ಅದು ಜೀವಕ್ಕೂ ಅಪಾಯ. ಅದಕ್ಕೆ ಮುಖ್ಯ ಹಗ್ಗಕ್ಕೆ ಸಿಕ್ಕಿಸಿ ಕಾಲೂರಬಹುದಾದ ಒಂದು ಕುಣಿಕೆ ಜೇಬಿನಲ್ಲಿ ಇಟ್ಟುಕೊಂಡಿರಿ. ಮಣೆ ಜಾರಿದರೂ ಅದರಲ್ಲಿ ನಿಂತು ಏಣಿಗೆ ಕಾಲು ಹಾಯಿಸಬಹುದು.

ಹಿಂದಿನ ಸಂಜೆಯೇ ಮಣೆ ಕಟ್ಟಿಟ್ಟು, ಬೆಳಗಿನ ಜಾವ ಸದ್ದಿಲ್ಲದೆ ಹತ್ತುವುದು ನನ್ನ ರೂಢಿ. ಆದರೆ ಹತ್ತುವ ಮುಂಚೆ ಬೆಲ್ಟಿನ ಸುತ್ತ ಒಮ್ಮೆ ಟಾರ್ಚು ಬಿಡಬೇಕು. ಅಳಿಲು ಕಡಿದಿರಬಹುದು. ಮಳೆಗಾಲದ ಅಂಚಿನಲ್ಲಾದರೆ ಕೈಯಿಡುವ ಜಾಗದಲ್ಲೇ ಗುಳಿಮಂಡಲ ಹಾವು ಸುರುಳಿ ಸುತ್ತಿಕೊಂಡು ಎಲೆಯ ಹಾಗೆ ಕೂತಿರಬಹುದು. ಉಂಬಳದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಮೇಲೆ ಕೂತರೆ ಅದು ಬರುವುದಿಲ್ಲ ಅಂತ ನಾನೂ ಅಂದುಕೊಂಡಿದ್ದೆ, ಬೂಟಿನಲ್ಲಿ ನಮ್ಮ ಜೊತೆಗೇ ಹತ್ತುತ್ತದೆ.

ಮುಂಗಾರಿಗೆ ಮುಂಚೆ

ಮೇ ಕೊನೆಗೆ ಎಲ್ಲ ಇಳಿಸಿಬಿಡಿ. ಕಟ್ಟಿದ ಬೆಲ್ಟು ಮರದಲ್ಲೇ ಬಿಟ್ಟರೆ ಬಿಸಿಲಿಗೆ ಎಳೆ ಸಾಯುತ್ತದೆ, ಮರ ದಪ್ಪವಾಗುತ್ತ ಅದನ್ನು ನುಂಗಲು ನೋಡುತ್ತದೆ. ಪಟ್ಟಿಯನ್ನು ಉಗುರಿನಿಂದ ಕೆರೆದಾಗ ಪುಡಿ ಉದುರಿದರೆ, ಬಣ್ಣ ಮಾಸಿದ್ದರೆ, ಎಲ್ಲಾದರೂ ನೂಲು ಎದ್ದಿದ್ದರೆ ಕತ್ತರಿಸಿ ಹಾಕಿ. ಹಾಗೇ ಎಸೆದರೆ ಯಾರಾದರೂ ಹಸು ಕಟ್ಟಲಿಕ್ಕೆ ಒಯ್ದು, ಅವರಿಂದ ಮತ್ಯಾರೋ ಮರ ಹತ್ತಲಿಕ್ಕೆ ಒಯ್ಯುತ್ತಾರೆ. ಹಗ್ಗ, ಸ್ಯಾಡಲ್ ತಣ್ಣೀರಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಚೀಲದಲ್ಲಿ ಹಾಕಿ ಒಲೆಯ ಹೊಗೆ ತಾಗದ ಕಡೆ ತೂಗುಹಾಕಿ.

ಮಣೆ ಎಲ್ಲಿಟ್ಟರೂ ಆದೀತು, ಔಷಧಿ ಕೋಣೆಯಲ್ಲಿ ಮಾತ್ರ ಬೇಡ. ನಾನು ಒಂದು ಮಳೆಗಾಲ ಅದನ್ನು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲಕ್ಕೆ ಒರಗಿಸಿಟ್ಟಿದ್ದೆ. ಥಂಡಿಗೆ ಚೀಲ ನೀರು ಬಿಟ್ಟು, ನವೆಂಬರಿನಲ್ಲಿ ತೆಗೆದಾಗ ಕೆಳಗಿನ ಹಿಡಿಯ ಹಲ್ಲುಗಳ ಮೇಲೆ ತಾಮ್ರದ ಕೆಂಪು ಪದರ, ಅದರ ಅಡಿಯಲ್ಲಿ ಹಲ್ಲೇ ಇಲ್ಲ. ಹಿಡಿ ಹೊಸದು ಹಾಕಿಸಲು ಹೋದಾಗ ವೆಲ್ಡರ್ ಅದನ್ನು ತಿರುಗಿಸಿ ನೋಡಿ, “ಟಿ.ವಿ.ನೇ ಇಡಬಹುದಿತ್ತು ಗೌಡ್ರೆ” ಅಂದರು.